ಯುವನಿಧಿಯ 24 ತಿಂಗಳು ಮುಗಿದವು, ಕೆಲಸ ಸಿಕ್ಕಿಲ್ಲ: ಭತ್ಯೆ ಮುಂದುವರಿಸಿ ಅಂತ ಕೇಳೋಣವಾ?

ಬಿಸಿಲನಾಡು, ಕಲಬುರಗಿ

ಯುವನಿಧಿ, ಅಂದರೆ ಓದು ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆ. ಅದರ ಮೊದಲ ಬ್ಯಾಚಿನವರಿಗೆ ಹಣ ನಿಂತಿದೆ. 2022-23ರಲ್ಲಿ ಪಾಸಾದವರು ನಾವು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯೋಜನೆ ಶುರುವಾಯಿತು. ಪದವಿ ಮುಗಿಸಿದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ನಮ್ಮಲ್ಲಿ ಬಹಳ ಜನಕ್ಕೆ ಎರಡು ವರ್ಷವೇ ಮೊದಲು ಬಂತು.

ಈ ಹಣ ಏನಾಗುತ್ತಿತ್ತು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ರೂಮಿನ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಪ್ರತಿ ತಿಂಗಳ 25ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುತ್ತಿದ್ದೆವು. ಅಷ್ಟರೊಳಗೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ 'ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ' ಅಂತ ಸ್ವಯಂ ಘೋಷಣೆ ಮಾಡಬೇಕಿತ್ತು. ಆಮೇಲೆ ಅದನ್ನು ಮೂರು ತಿಂಗಳಿಗೊಮ್ಮೆ ಮಾಡಿದರು. ಹಣ ಬಂದ ದಿನ ಮೊದಲು ಹೋಗುತ್ತಿದ್ದದ್ದು ರೀಡಿಂಗ್ ರೂಮಿನ ಫೀಸಿಗೆ, ಆಮೇಲೆ ಮೆಸ್ಸಿಗೆ, ಉಳಿದರೆ ಪರೀಕ್ಷೆ ಅರ್ಜಿ ಶುಲ್ಕಕ್ಕೆ. ಮನೆಯಿಂದ ಬರೋದು ರೂಮ್ ಬಾಡಿಗೆ ಮಾತ್ರ. ಅದಕ್ಕಿಂತ ಜಾಸ್ತಿ ಕೇಳೋಕೆ ಬಾಯಿ ಬರಲ್ಲ.

ನನ್ನ ಪ್ರಶ್ನೆ ಇಷ್ಟೇ. ಎರಡು ವರ್ಷ ಅಂತ ಯಾವ ಲೆಕ್ಕದಲ್ಲಿ ಇಟ್ಟರು? ಎರಡು ವರ್ಷದಲ್ಲಿ ಒಬ್ಬರಿಗೆ ಕೆಲಸ ಸಿಗುತ್ತದೆ ಅಂತ ತಾನೇ? ಆದರೆ ಆ ಎರಡು ವರ್ಷದ ಒಳಗೇ 2024ರ ಅಕ್ಟೋಬರ್ ಕೊನೆಯಿಂದ 2025ರ ಆಗಸ್ಟ್‌ವರೆಗೆ ಸರ್ಕಾರ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸಲಿಲ್ಲ. ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಒಳಗುಂಪುಗಳಿಗೆ ಹಂಚುವ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಬೇಡ ಅಂತ ಸಂಪುಟದಲ್ಲೇ ನಿರ್ಧಾರವಾಗಿತ್ತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಮೂರು ದಶಕದ ಹೋರಾಟ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೇಮಕಾತಿ ನಿಂತಿದ್ದಾಗ ನಮ್ಮ 24 ತಿಂಗಳ ಲೆಕ್ಕ ಮಾತ್ರ ಓಡುತ್ತಲೇ ಇತ್ತು. ಇದು ಸರಿನಾ? ಭತ್ಯೆ ಮುಂದುವರಿಸಿ ಅಂತ ಒಂದು ಮನವಿ ಬರೆಯೋಣ ಅಂತಿದ್ದೇನೆ. ನಿಮ್ಮ ಅಭಿಪ್ರಾಯ ಹೇಳಿ.

ಸೇಡಂ ರಸ್ತೆ, ಕಲಬುರಗಿ

ನನ್ನದೂ ನಿಂತಿದೆ. ಸಹಿ ಹಾಕೋಕೆ ರೆಡಿ.

ತೊಗರಿ ಹೊಲ, ಚಿತ್ತಾಪುರ

ಸಿಟ್ಟು ಮಾಡ್ಕೋಬೇಡಿ, ನನ್ನ ಮಾತು ಬೇರೆ. ನಾನು ರೈತ, ಮಗನೂ ಡಿಗ್ರಿ ಮಾಡಿ ಮನೆಯಲ್ಲಿದ್ದಾನೆ. ಅವನಿಗೂ ಈ ಹಣ ಬಂದಿದೆ. ಎರಡು ವರ್ಷ ಅವನು ಒಂದೇ ಒಂದು ಕೆಲಸ ನೋಡಿದ್ದು: ಸರ್ಕಾರಿ ಕೆಲಸ. ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯೋಕೆ ಕರೆದರೂ ಹೋಗಲಿಲ್ಲ. ಹೋದರೆ ಯುವನಿಧಿ ನಿಲ್ಲುತ್ತೆ, ಓದೋಕೆ ಟೈಮೂ ಇರಲ್ಲ ಅಂದ. ಇನ್ನೊಂದು ವರ್ಷ ಹಣ ಕೊಟ್ಟರೆ ಇನ್ನೊಂದು ವರ್ಷ ಹೀಗೇ ಕೂರುತ್ತಾನೆ. ಹಣಕ್ಕಿಂತ ನೇಮಕಾತಿ ಕೇಳಿ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಅಂತ ಸರ್ಕಾರವೇ ಹೇಳುತ್ತದೆ. ಅದನ್ನು ತುಂಬಿ ಅಂತ ಕೇಳೋದು ಬಿಟ್ಟು 3,000 ಕೇಳ್ತೀರಲ್ಲ.

ಬಿಸಿಲನಾಡು, ಕಲಬುರಗಿ

ಕಾಕಾ, ಎರಡೂ ಕೇಳೋಣ. ಒಂದು ಕೇಳಿದರೆ ಇನ್ನೊಂದು ಬಿಡಬೇಕು ಅಂತೇನಿಲ್ಲ. ಆದರೆ ಅಧಿಸೂಚನೆ ಇವತ್ತು ಬಂದರೂ ಪರೀಕ್ಷೆ, ಫಲಿತಾಂಶ, ದಾಖಲೆ ಪರಿಶೀಲನೆ, ಆದೇಶ ಅಂತ ಎಷ್ಟು ಕಾಲ ಆಗುತ್ತೆ ನಿಮಗೇ ಗೊತ್ತು. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಂದದ್ದೇ ನಮ್ಮ ಊರಿನ ಪರೀಕ್ಷಾ ಕೇಂದ್ರದಿಂದ. ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದ ಹುಡುಗರ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರು ವಾಪಸ್ ಕೊಟ್ಟರು?

ಯಾದಗಿರಿ ಟೀಚರ್

ತೊಗರಿ ಹೊಲದವರು ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಅದನ್ನು ತಳ್ಳಿಹಾಕಬೇಡಿ. ನಾನು ಪದವಿ ಮುಗಿಸಿದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡೋಕೆ ಸೇರಿದೆ. ಸಂಬಳ ತಿಂಗಳಿಗೆ 5,000. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನಾನು ಸರಿಯಾಗಿ 'ಕೆಲಸ ಸಿಕ್ಕಿದೆ' ಅಂತ ಘೋಷಣೆ ಮಾಡಿದೆ, 3,000 ನಿಂತಿತು. ಅಂದರೆ ದಿನವಿಡೀ ನಿಂತು ಪಾಠ ಮಾಡಿದ್ದಕ್ಕೆ ನನಗೆ ನಿಜವಾಗಿ ಹೆಚ್ಚಿಗೆ ಸಿಕ್ಕಿದ್ದು 2,000. ಅದರಲ್ಲಿ ಆಟೋ ಖರ್ಚು ಬೇರೆ. ಬಸ್ಸು ಫ್ರೀ ಇದ್ದರೂ ಶಾಲೆ ಇರೋ ಕಡೆ ಬಸ್ಸೇ ಹೋಗಲ್ಲ. ನನ್ನ ಜೊತೆ ಕೆಲಸಕ್ಕೆ ಸೇರಿದವರೊಬ್ಬರು ಘೋಷಣೆ ಮಾಡಲಿಲ್ಲ. ಕೈಯಲ್ಲಿ ಸಂಬಳ ಕೊಡ್ತಾರೆ, ಪಿಎಫ್ ಇಲ್ಲ, ಕಾರ್ಮಿಕರ ವಿಮೆ ಇಎಸ್‌ಐ ಇಲ್ಲ, ಯಾರಿಗೆ ಗೊತ್ತಾಗುತ್ತೆ? ಅವರಿಗೆ ಎರಡೂ ಬಂತು.

ಆ ಹುಡುಗಿಯನ್ನು ನಾನು ದೂರಲ್ಲ. ತಪ್ಪು ಇರೋದು ನಿಯಮದಲ್ಲಿ. ಕೆಲಸ ಇದೆ ಅಥವಾ ಇಲ್ಲ, ಎರಡೇ ಖಾನೆ. ನಮ್ಮ ಭಾಗದಲ್ಲಿ ಓದಿದವರಲ್ಲಿ ಬಹಳ ಜನ ಇರೋದು ಎರಡರ ನಡುವೆ. ಅರ್ಧ ಕೆಲಸ, ಕಾಲು ಸಂಬಳ. ಅವಧಿ ವಿಸ್ತರಿಸಿ ಅಂತ ಕೇಳುವಾಗ ಇದನ್ನೂ ಸೇರಿಸಿ: ಇಷ್ಟು ಮೊತ್ತಕ್ಕಿಂತ ಕಡಿಮೆ ಸಂಬಳ ಇದ್ದರೆ ಭತ್ಯೆಯ ಒಂದು ಭಾಗವಾದರೂ ಮುಂದುವರಿಯಬೇಕು. ಆಗ ದಾಲ್ ಮಿಲ್‌ನ ಲೆಕ್ಕದ ಕೆಲಸಕ್ಕೂ ಹುಡುಗರು ಹೋಗ್ತಾರೆ.

ತೊಗರಿ ಹೊಲ, ಚಿತ್ತಾಪುರ

ಇದು ಒಪ್ಪುವ ಮಾತು ತಾಯಿ. ಹೀಗೆ ಇದ್ದಿದ್ದರೆ ನನ್ನ ಮಗನೂ ಹೋಗುತ್ತಿದ್ದನೇನೋ.

ಪೇರೋಲ್ ಡೆಸ್ಕ್, ಬೀದರ್ (ಈಗ ಬೆಂಗಳೂರು)

ನಾನು ಬೀದರಿನವನು. ಇಲ್ಲಿ ಅಮೆರಿಕದ ಕಂಪನಿಗಳ ಪೇರೋಲ್ ನೋಡಿಕೊಳ್ಳೋ ಕೆಲಸ. ಅಲ್ಲಿನ ನಿರುದ್ಯೋಗ ಭತ್ಯೆಯ ನಿಯಮ ದಿನಾ ಕಣ್ಣಿಗೆ ಬೀಳುತ್ತೆ, ಅದಕ್ಕೆ ಬರೀತಿದ್ದೇನೆ.

ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಕೆಲಸ ಕಳೆದುಕೊಂಡವರಿಗೆ 26 ವಾರ ಹಣ ಬರುತ್ತೆ. ಆಮೇಲೆ ನಿಲ್ಲುತ್ತೆ. ಆದರೆ 1970ರಿಂದ ಒಂದು ಕಾಯಂ ಕಾನೂನು ಇದೆ. ಒಂದು ರಾಜ್ಯದಲ್ಲಿ ನಿರುದ್ಯೋಗ ಒಂದು ಮಟ್ಟ ದಾಟಿದರೆ ಇನ್ನೂ 13 ವಾರ ತಾನಾಗಿಯೇ ಸೇರುತ್ತೆ. ಪರಿಸ್ಥಿತಿ ತೀರಾ ಕೆಟ್ಟರೆ ಕೆಲವು ರಾಜ್ಯಗಳಲ್ಲಿ 20 ವಾರದವರೆಗೆ. ಯಾರೂ ಮನವಿ ಕೊಡಬೇಕಿಲ್ಲ, ಮಂತ್ರಿ ಹೇಳಬೇಕಿಲ್ಲ. ಅಂಕಿ ಮೇಲೆ ಹೋದರೆ ಬಾಗಿಲು ತೆರೆಯುತ್ತೆ, ಕೆಳಗೆ ಬಂದರೆ ಮುಚ್ಚುತ್ತೆ. ಈಗಿನ ಅಂಕಿ ಹಿಂದಿನ ಎರಡು ವರ್ಷದ ಇದೇ ಅವಧಿಗಿಂತ ಎಷ್ಟು ಜಾಸ್ತಿ ಅಂತಲೂ ನೋಡ್ತಾರೆ. ಖರ್ಚು ಕೇಂದ್ರ ಅರ್ಧ, ರಾಜ್ಯ ಅರ್ಧ. ಹೆಚ್ಚುವರಿ ವಾರಗಳಲ್ಲಿ ಕೆಲಸ ಹುಡುಕುವ ಷರತ್ತು ಇನ್ನೂ ಬಿಗಿ. ಸಂಬಳ ಸ್ವಲ್ಪ ಕಡಿಮೆ ಅಂತ ಬಂದ ಕೆಲಸ ಬಿಡೋ ಹಾಗಿಲ್ಲ. ಯಾದಗಿರಿ ಟೀಚರ್ ಹೇಳಿದ ಅರ್ಧ ಕೆಲಸದ ವಿಷಯವೂ ಅಲ್ಲಿದೆ. ಚೂರು ದುಡಿದರೆ ಭತ್ಯೆ ಪೂರ್ತಿ ನಿಲ್ಲಲ್ಲ, ಅಷ್ಟು ಕಡಿತ ಆಗುತ್ತೆ.

ಇದರ ಜೊತೆಗೆ ತಾತ್ಕಾಲಿಕ ವಿಸ್ತರಣೆ ಅಂತಲೂ ಇರುತ್ತೆ. 2008ರ ಕುಸಿತದ ಮೇಲೆ ಅಲ್ಲಿನ ಸಂಸತ್ತು ಬೇರೆ ಕಾನೂನು ಮಾಡಿತು. ಎಲ್ಲ ಸೇರಿ ಕೆಲವು ರಾಜ್ಯಗಳಲ್ಲಿ 99 ವಾರ ಹಣ ಸಿಕ್ಕಿತು. ಆದರೆ ಅದು ಪ್ರತಿ ಸಲ ಮತ ಹಾಕಿ ನವೀಕರಿಸಬೇಕಾದ ಕಾನೂನು. 2013ರ ಡಿಸೆಂಬರ್ ಕೊನೆಗೆ ನವೀಕರಿಸಲಿಲ್ಲ. ಸುಮಾರು 13 ಲಕ್ಷ ಜನರ ಹಣ ಒಂದೇ ದಿನ ನಿಂತಿತು.

ಆದ್ದರಿಂದ ಬಿಸಿಲನಾಡು ಅವರೇ, 'ಇನ್ನೊಂದು ವರ್ಷ ಕೊಡಿ' ಅಂತ ಕೇಳಬೇಡಿ. ಅದು ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು. 'ಯಾವಾಗ ವಿಸ್ತರಣೆ ಆಗಬೇಕು ಅನ್ನೋದನ್ನ ನಿಯಮದಲ್ಲೇ ಬರೆಯಿರಿ' ಅಂತ ಕೇಳಿ.

ಲೆಕ್ಕದ ಪುಸ್ತಕ, ಕಲಬುರಗಿ

ಅಮೆರಿಕದ ಉದಾಹರಣೆ ಕೊಡುವಾಗ ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿನದು ವಿಮೆ. ಮಾಲೀಕರು ಸಂಬಳದ ಮೇಲೆ ತೆರಿಗೆ ಕಟ್ಟಿರುತ್ತಾರೆ. ಕೆಲಸ ಮಾಡಿ ಕಳೆದುಕೊಂಡವರಿಗೆ ಮಾತ್ರ ಅದು. ಈಗಷ್ಟೇ ಕಾಲೇಜು ಮುಗಿಸಿದವನಿಗೆ ಅಲ್ಲಿ ಒಂದು ಪೈಸೆಯೂ ಇಲ್ಲ. ಯುವನಿಧಿ ಹಾಗಲ್ಲ, ರಾಜ್ಯದ ಬೊಕ್ಕಸದಿಂದ ಬರೋದು, ಒಮ್ಮೆಯೂ ಕೆಲಸ ಸಿಗದವರಿಗೆ ಕೊಡೋದು. ಒಬ್ಬರಿಗೆ ಎರಡು ವರ್ಷಕ್ಕೆ 72,000. ಇನ್ನೊಂದು ವರ್ಷ ಪೂರ್ತಿ ದರದಲ್ಲಿ ಅಂದರೆ 36,000 ಸೇರುತ್ತೆ. ಇದನ್ನು ಇಡೀ ರಾಜ್ಯಕ್ಕೆ ಕೊಡಿ ಅಂದರೆ ಹಣಕಾಸು ಇಲಾಖೆ ಫೈಲನ್ನೇ ತೆರೆಯಲ್ಲ.

ಹೋಲಿಸಬೇಕಾದ್ದು ರಾಜಸ್ಥಾನ. ಅಲ್ಲೂ ಪದವೀಧರರಿಗೆ ಎರಡೇ ವರ್ಷ, ಹುಡುಗರಿಗೆ 4,000, ಹುಡುಗಿಯರಿಗೆ 4,500. ಆದರೆ ದಿನಕ್ಕೆ ನಾಲ್ಕು ಗಂಟೆ ಸರ್ಕಾರಿ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಇಲ್ಲಿ ಅದಕ್ಕೆ ಉಲ್ಟಾ. ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಂಡರೆ ಯುವನಿಧಿಯೇ ಇಲ್ಲ. ಕೆಲಸ ಕಲಿಯೋಕೆ ಹೋದವನ ಹಣ ನಿಲ್ಲಿಸೋದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಸೇಡಂ ರಸ್ತೆ, ಕಲಬುರಗಿ

ಅಪ್ರೆಂಟಿಸ್ ವಿಷಯ ನೂರಕ್ಕೆ ನೂರು ನಿಜ. ನನ್ನ ಡಿಪ್ಲೊಮಾ ಗೆಳೆಯ ಸಿಮೆಂಟ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ. ಒಂದು ವರ್ಷ ಆದ ಮೇಲೆ ಕಾಯಂ ಮಾಡಲಿಲ್ಲ. ವಾಪಸ್ ಬಂದಾಗ ಆ ತಿಂಗಳುಗಳ ಭತ್ಯೆಯೂ ಇಲ್ಲ, ಕೆಲಸವೂ ಇಲ್ಲ.

ಶಹಾಬಾದ್ ಕಲ್ಲು

ನೀವೆಲ್ಲ ಪದವೀಧರರ ಬಗ್ಗೆ ಮಾತಾಡ್ತಿದ್ದೀರಿ. ಕೆಲಸ ಇದ್ದು ಹೋದವರ ಬಗ್ಗೆಯೂ ಒಂದು ಮಾತು ಕೇಳಿ. ನಮ್ಮಪ್ಪ ವರ್ಷಗಟ್ಟಲೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಕಾರ್ಖಾನೆಯ ಆ ಭಾಗ ಮುಚ್ಚಿದರು. ಗುತ್ತಿಗೆದಾರ ಹೇಳಿದ್ದು ಒಂದೇ ಮಾತು: ನಾಳೆಯಿಂದ ಬರಬೇಡ.

ಇಎಸ್‌ಐನಲ್ಲಿ ಇಂಥವರಿಗೆ ಎರಡು ದಾರಿ ಇವೆ ಅಂತ ಆಮೇಲೆ ತಿಳಿಯಿತು. ಒಂದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, 2018ರಲ್ಲಿ ಬಂದದ್ದು. ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವನದಲ್ಲಿ ಒಂದೇ ಸಲ. ಮೊದಲು ಕಾಲು ಭಾಗ ಇತ್ತು, ಕೊರೋನಾ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಕನಿಷ್ಠ ಎರಡು ವರ್ಷ ವಿಮೆಯ ಕೆಲಸದಲ್ಲಿ ಇರಬೇಕು. ಇನ್ನೊಂದು 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದರೆ ಅಥವಾ ಕಾಯ್ದೆ ಪ್ರಕಾರ ಕೆಲಸದಿಂದ ತೆಗೆದರೆ 24 ತಿಂಗಳು: ಮೊದಲ 12 ತಿಂಗಳು ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆ ಅವಧಿಯಲ್ಲಿ ಮನೆಯವರಿಗೆಲ್ಲ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಉಂಟು. ನಮ್ಮ ಸೇಡಂ ರಸ್ತೆಯ ಆಸ್ಪತ್ರೆಯನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು.

ಈ ಎರಡನೆಯದನ್ನು ಗಮನಿಸಿ. ಶುರುವಾದಾಗ ಅದು ಬರೀ 6 ತಿಂಗಳು. ಆಮೇಲೆ 12 ಮಾಡಿದರು, ಆಮೇಲೆ 24. ಅಂದರೆ ನಮ್ಮ ದೇಶದಲ್ಲೇ ಭತ್ಯೆಯ ಅವಧಿ ಹೆಚ್ಚಿಸಿದ ದಾರಿ ಇದೆ. ಮೊತ್ತ ಇಳಿಸಿ ಕಾಲ ಹೆಚ್ಚಿಸಿದ ದಾರಿ. ಅಮೆರಿಕಕ್ಕೆ ಹೋಗಬೇಕಿಲ್ಲ.

ಅಪ್ಪನಿಗೆ ಸಿಕ್ಕಿತಾ ಅಂದರೆ, ಇಲ್ಲ. ಕೆಲಸದಿಂದ ತೆಗೆದದ್ದಕ್ಕೆ ಕಾಗದವೇ ಇಲ್ಲ. ಗುತ್ತಿಗೆದಾರ ಕೆಲವು ತಿಂಗಳು ವಂತಿಗೆಯನ್ನೇ ಕಟ್ಟಿರಲಿಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ ಕಡಿತ ಇತ್ತು. ಅಪ್ಪ ಆ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಶಾಯಿ ಮಾಸಿ ಕೆಲವು ಓದೋಕೆ ಬರಲ್ಲ. ಆದರೂ ಬಿಸಾಡಿಲ್ಲ. ಈಗ ಕಲ್ಲಿನ ಪಾಲಿಶ್ ಘಟಕಕ್ಕೆ ದಿನಗೂಲಿಗೆ ಹೋಗ್ತಾರೆ.

ಮನವಿಯಲ್ಲಿ ಇವರಿಗೂ ಒಂದು ಸಾಲು ಇರಲಿ.

ಬಿಸಿಲನಾಡು, ಕಲಬುರಗಿ

ಖಂಡಿತ ಇರುತ್ತೆ. ಆ ಚೀಟಿಗಳ ಫೋಟೋ ತೆಗೆದು ಇಡಿ, ಇನ್ನೂ ಮಾಸುವ ಮೊದಲು. ವಂತಿಗೆ ಕಡಿತ ಮಾಡಿ ಕಟ್ಟದೇ ಇರೋದು ಅಪರಾಧ. ಅದಕ್ಕೆ ಪ್ರತ್ಯೇಕ ದೂರು ಕೊಡಬಹುದು.

ಕಾಲುವೆ ಕೊನೆ, ಶಹಾಪುರ

ನಮ್ಮೂರಲ್ಲಿ ಭತ್ಯೆ ಅಂದರೆ ಉದ್ಯೋಗ ಖಾತ್ರಿ. ಅದು ಮುಗಿದ ಮೇಲೆ ಏನು ಅನ್ನೋ ಪ್ರಶ್ನೆ ನಮಗೆ ಹಳೆಯದು. 2006ರಲ್ಲಿ ಯೋಜನೆ ಮೊದಲು ಬಂದ ರಾಜ್ಯದ ಐದು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಮೂರೂ ನಮ್ಮವೇ. ಯಾದಗಿರಿ ಆಗ ಗುಲ್ಬರ್ಗಾದ ಒಳಗೇ ಇತ್ತು. 100 ದಿನ ಮುಗಿದರೆ ಮುಗಿಯಿತು. ಬರ ಘೋಷಣೆ ಆದರೆ ಇನ್ನೂ 50 ದಿನ ಸೇರಿಸಬಹುದು ಅಂತ ಅವಕಾಶ ಇತ್ತು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು. 150 ದಿನ ಮಾಡಿ ಅಂತ ರಾಜ್ಯ ಕೇಂದ್ರವನ್ನು ಕೇಳಿತು. ಅನುಮತಿಗೆ ಕಾಯುತ್ತಾ ಕೂತರೆ ಹೊಟ್ಟೆ ಕಾಯುತ್ತಾ? ನಮ್ಮ ಓಣಿಯವರು ಕೀಲಿ ಹಾಕಿಕೊಂಡು ಬೆಂಗಳೂರಿಗೆ, ಪುಣೆಗೆ ಗುಳೆ ಹೋದರು. ಮಕ್ಕಳನ್ನೂ ಕರಕೊಂಡು ಹೋದರು, ಶಾಲೆ ಅಲ್ಲಿಗೆ ಬಿಟ್ಟಿತು.

ಇನ್ನೊಂದು. ಅರ್ಜಿ ಕೊಟ್ಟು 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಆ ಕಾಯ್ದೆಯಲ್ಲಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ನಮ್ಮ ಪಂಚಾಯಿತಿಯಲ್ಲಿ ಅದನ್ನು ತಗೊಂಡವರನ್ನು ನಾನು ನೋಡಿಲ್ಲ. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೊಡಲ್ಲ. ಚೀಟಿ ಇಲ್ಲದೆ 15 ದಿನ ಎಲ್ಲಿಂದ ಎಣಿಸೋದು? 2025ರ ಡಿಸೆಂಬರ್‌ನಲ್ಲಿ ಕಾಯ್ದೆಯೇ ಬದಲಾಯಿತು, ಈಗ 125 ದಿನ ಅಂತ ಬರೆದಿದ್ದಾರೆ. ದಿನ ಹೆಚ್ಚಾದರೆ ಸಂತೋಷ. ಆದರೆ ಚೀಟಿ ಕೊಡದಿದ್ದರೆ ನೂರೂ ಅಷ್ಟೇ, ನೂರಿಪ್ಪತ್ತೈದೂ ಅಷ್ಟೇ.

ಪೇರೋಲ್ ಡೆಸ್ಕ್ ಹೇಳಿದ ತಾನಾಗಿಯೇ ಆಗುವ ವಿಸ್ತರಣೆ ನನಗೆ ತುಂಬಾ ಹಿಡಿಸಿತು. ಬರ ಘೋಷಣೆ ಆದ ದಿನವೇ ದಿನಗಳೂ ಹೆಚ್ಚಾಗಬೇಕು. ಮತ್ತೆ ದೆಹಲಿಗೆ ಕಾಗದ ಯಾಕೆ?

ಭೀಮಾತೀರ, ಅಫಜಲಪುರ

ನಾನು 2021ರಲ್ಲಿ ಬಿಎ ಮುಗಿಸಿದವಳು. ನನಗೆ ಯುವನಿಧಿಯ ಒಂದು ರೂಪಾಯಿ ಬಂದಿಲ್ಲ. ಯೋಜನೆ 2022-23ರಲ್ಲಿ ಮತ್ತು ಅದರ ನಂತರ ಪಾಸಾದವರಿಗೆ ಮಾತ್ರ. ಕೊರೋನಾದಲ್ಲಿ ಆನ್‌ಲೈನ್ ಪಾಠ ಕೇಳಿ, ನೆಟ್‌ವರ್ಕ್ ಇಲ್ಲದೆ ಮಾಳಿಗೆ ಹತ್ತಿ, ಪರೀಕ್ಷೆ ಮುಂದೆ ಹೋಗಿ ಹೋಗಿ ಪಾಸಾದ ಬ್ಯಾಚ್ ನಮ್ಮದು. ಈಗ ಎರಡು ವರ್ಷ ತಗೊಂಡವರಿಗೆ ಮೂರನೆಯ ವರ್ಷ ಕೊಡಿ ಅಂತ ಕೇಳ್ತಿದ್ದೀರಿ. ಏನೂ ತಗೊಳ್ಳದವರ ಕಥೆ ಏನು? ನನಗೆ ಬೇಸರ ಆಗಿದೆ ಅಂತ ನೇರವಾಗಿ ಹೇಳ್ತೇನೆ.

ಬಿಸಿಲನಾಡು, ಕಲಬುರಗಿ

ನಿಮ್ಮ ಬೇಸರ ನ್ಯಾಯವಾದದ್ದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ವಿಸ್ತರಣೆಗೆ ಹಣ ಮಿತಿ ಇದೆ ಅಂದರೆ ಮೊದಲು ನಿಮ್ಮ ಬ್ಯಾಚಿಗೆ ಹೋಗಲಿ ಅನ್ನೋಕೂ ನಾನು ತಯಾರು.

ಯಾದಗಿರಿ ಟೀಚರ್

ನಮ್ಮ ನಮ್ಮಲ್ಲೇ ಯಾರಿಗೆ ಮೊದಲು ಅಂತ ಹಂಚಿಕೊಳ್ಳೋದು ಬೇಡ ಅಲ್ವಾ? ಎರಡಕ್ಕೂ ಒಂದೇ ವಾದ ಸಾಕು. ಸರ್ಕಾರದ ಕೈಯಲ್ಲಿದ್ದ ಕಾರಣಕ್ಕೆ ಹೋದ ಕಾಲವನ್ನು ಅಭ್ಯರ್ಥಿಯ ಲೆಕ್ಕದಲ್ಲಿ ಕಳೆಯಬಾರದು. ಇದನ್ನು ಸರ್ಕಾರ ಈಗಾಗಲೇ ಒಪ್ಪಿದೆ. 2025ರಲ್ಲಿ ನೇಮಕಾತಿಗೆ ವಯೋಮಿತಿ ಮೂರು ವರ್ಷ ಸಡಿಲ ಮಾಡಿದರು. ಯಾಕೆ ಮಾಡಿದರು? ನೇಮಕಾತಿ ತಡವಾಗಿ ನಮ್ಮ ವಯಸ್ಸು ಮೀರುತ್ತಿತ್ತು, ಅದು ನಮ್ಮ ತಪ್ಪಲ್ಲ ಅಂತ ತಾನೇ? ವಯಸ್ಸಿಗೆ ಒಪ್ಪಿದ ಮಾತನ್ನು ಭತ್ಯೆಗೆ ಯಾಕೆ ಒಪ್ಪಲ್ಲ? ಹೊಸ ತತ್ವ ಏನೂ ಕೇಳುತ್ತಿಲ್ಲ ನಾವು. ಅವರದೇ ಆದೇಶ ತೋರಿಸಿ ಕೇಳುತ್ತಿದ್ದೇವೆ.

ಪೇರೋಲ್ ಡೆಸ್ಕ್, ಬೀದರ್ (ಈಗ ಬೆಂಗಳೂರು)

ಇದೇ ಮನವಿಯ ತಿರುಳು. ಇದನ್ನು ಮೊದಲ ಪ್ಯಾರಾದಲ್ಲೇ ಹಾಕಿ.

ಲೆಕ್ಕದ ಪುಸ್ತಕ, ಕಲಬುರಗಿ

ವಾದ ಚೆನ್ನಾಗಿದೆ. ಆದರೂ ಹಣ ಎಲ್ಲಿಂದ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗಬೇಡಿ. ನನ್ನ ಸಲಹೆ ಹೇಳ್ತೇನೆ.

ವಿಸ್ತರಣೆ ಇಡೀ ರಾಜ್ಯಕ್ಕೆ ಬೇಡ. ಎಲ್ಲಿ ಕೆಲಸ ಕಡಿಮೆಯೋ ಅಲ್ಲಿಗೆ. ಪ್ರದೇಶ ನೋಡಿ ಬೇರೆ ನಿಯಮ ಮಾಡೋದು ನಮಗೆ ಹೊಸದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕು ಗುರುತಿಸಿತು. ಅದರಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೂ ಇದೇ ಕಾರಣಕ್ಕೆ. ಈ ಭಾಗದ ಸ್ಥಳೀಯ ಹುದ್ದೆಗಳಲ್ಲಿ ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ ಶೇಕಡ 85 ನಮ್ಮವರಿಗೆ ಮೀಸಲು. ಆದರೆ ಹುದ್ದೆಯೇ ತುಂಬದಿದ್ದರೆ 85 ಇದ್ದರೇನು? ನೇಮಕಾತಿ ನಿಂತಾಗ ಎಲ್ಲರಿಗಿಂತ ಜಾಸ್ತಿ ಏಟು ಬೀಳೋದು ನಮಗೆ, ಯಾಕೆಂದರೆ ಖಾಸಗಿ ಕೆಲಸ ಇಲ್ಲಿ ಕಡಿಮೆ. ಬೆಂಗಳೂರಿನ ಹುಡುಗನಿಗೆ ನೇಮಕಾತಿ ನಿಂತರೆ ಇನ್ನೊಂದು ಬಾಗಿಲು ಇದೆ.

ಮೂರನೆಯ ವರ್ಷ ಪೂರ್ತಿ 3,000 ಬೇಡ. ಶಹಾಬಾದ್‌ನವರು ಹೇಳಿದ ಇಎಸ್‌ಐ ದಾರಿಯಲ್ಲಿ ಅರ್ಧ, 1,500 ಸಾಕು. ವರ್ಷಕ್ಕೆ ಒಬ್ಬರಿಗೆ 18,000. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕಳೆದ ಕೆಲವು ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗಿದೆ. ಏಳು ಜಿಲ್ಲೆಯ ಪದವೀಧರರಿಗೆ ಅದರಲ್ಲಿ ಒಂದು ಪಾಲು ಕೇಳಬಹುದು.

ಬಸವಕಲ್ಯಾಣ ಓದುಗ

ಮಂಡಳಿ ಹಣ ಮುಟ್ಟಬೇಡಿ ಅಂತ ನನ್ನ ಕಳಕಳಿಯ ವಿನಂತಿ. ಅದು ಶಾಲೆ ಕೋಣೆಗೆ, ಆಸ್ಪತ್ರೆಗೆ, ರಸ್ತೆಗೆ ಅಂತ ಹೋರಾಡಿ ಪಡೆದ ಹಣ. ಒಮ್ಮೆ ಭತ್ಯೆಗೆ ತೆರೆದರೆ ರಾಜ್ಯದ ಮಾಮೂಲು ಖರ್ಚನ್ನೆಲ್ಲ ಅದರ ಮೇಲೆ ಹಾಕುತ್ತಾರೆ. ಯುವನಿಧಿ ರಾಜ್ಯದ ಯೋಜನೆ, ಅದರ ವಿಸ್ತರಣೆಯೂ ರಾಜ್ಯದ ಬಜೆಟ್‌ನಿಂದಲೇ ಬರಲಿ. ಮಂಡಳಿಯಿಂದ ಕೇಳೋದೇ ಆದರೆ ಅಪ್ರೆಂಟಿಸ್ ಸ್ಟೈಪೆಂಡ್ ಹೆಚ್ಚಿಸಲು ಕೇಳಿ, ಪ್ರತಿ ತಾಲ್ಲೂಕಿಗೆ ಒಂದು ಒಳ್ಳೆಯ ಗ್ರಂಥಾಲಯ ಕೇಳಿ. ರೀಡಿಂಗ್ ರೂಮಿನ ಫೀಸೇ ಇಲ್ಲದಿದ್ದರೆ 1,500ರಲ್ಲೂ ಒಂದು ತಿಂಗಳು ತಳ್ಳಬಹುದು.

ಲೆಕ್ಕದ ಪುಸ್ತಕ, ಕಲಬುರಗಿ

ಗ್ರಂಥಾಲಯದ ಮಾತು ಒಪ್ಪಿದೆ. ಮಂಡಳಿಯ ಮಾತು ಪೂರ್ತಿ ಒಪ್ಪಲ್ಲ, ರಸ್ತೆಗೆ ಕೊಡೋ ಹಣ ಮನುಷ್ಯರಿಗೆ ಕೊಟ್ಟರೆ ಅದೂ ಅಭಿವೃದ್ಧಿಯೇ. ಆದರೆ ಇದಕ್ಕಾಗಿ ಮನವಿ ನಿಲ್ಲೋದು ಬೇಡ, ಆ ಸಾಲು ಬಿಡಿ.

ಬಿಸಿಲನಾಡು, ಕಲಬುರಗಿ

ಎಲ್ಲರ ಮಾತು ಸೇರಿಸಿ ಕರಡು ಬರೆದಿದ್ದೇನೆ. ಓದಿ, ತಿದ್ದಿ.

'ಯುವನಿಧಿ ಯೋಜನೆಯ 24 ತಿಂಗಳ ಅವಧಿಯಲ್ಲಿ ಸರ್ಕಾರದ ತೀರ್ಮಾನದಿಂದ ಹೊಸ ನೇಮಕಾತಿ ಅಧಿಸೂಚನೆ ನಿಂತಿದ್ದ ತಿಂಗಳುಗಳನ್ನು ಲೆಕ್ಕದಿಂದ ಬಿಡಬೇಕು. ಅಷ್ಟು ತಿಂಗಳ ಭತ್ಯೆಯನ್ನು ಅರ್ಹರಿಗೆ ಮುಂದುವರಿಸಬೇಕು. ಇದೇ ಕಾರಣಕ್ಕೆ ಸರ್ಕಾರ ವಯೋಮಿತಿ ಸಡಿಲಿಸಿರುವುದನ್ನು ಗಮನಿಸಬೇಕು. ಮುಂದೆಯೂ ಹೀಗೆ ನೇಮಕಾತಿ ನಿಂತರೆ ಭತ್ಯೆಯ ಅವಧಿ ತಾನಾಗಿಯೇ ವಿಸ್ತರಣೆಯಾಗುವಂತೆ ನಿಯಮದಲ್ಲಿ ಸೇರಿಸಬೇಕು. 371ಜೆ ವ್ಯಾಪ್ತಿಯ ಏಳು ಜಿಲ್ಲೆಗಳಲ್ಲಿ 24 ತಿಂಗಳ ನಂತರವೂ ಕೆಲಸ ಸಿಗದವರಿಗೆ ಇನ್ನೊಂದು ವರ್ಷ ಅರ್ಧ ದರದಲ್ಲಿ ಭತ್ಯೆ ಕೊಡಬೇಕು. ಅಪ್ರೆಂಟಿಸ್ ಆಗಿ ಸೇರಿದವರ ಮತ್ತು ಕಡಿಮೆ ಸಂಬಳಕ್ಕೆ ದುಡಿಯುವವರ ಭತ್ಯೆಯನ್ನು ಪೂರ್ತಿ ನಿಲ್ಲಿಸಬಾರದು. 2022-23ಕ್ಕಿಂತ ಮೊದಲು ಕೊರೋನಾ ಅವಧಿಯಲ್ಲಿ ಪಾಸಾದವರನ್ನು ಯೋಜನೆಗೆ ಸೇರಿಸಬೇಕು. ಗುತ್ತಿಗೆ ಕಾರ್ಮಿಕರನ್ನು ಕೆಲಸದಿಂದ ತೆಗೆದಾಗ ಲಿಖಿತ ಪತ್ರ ಕೊಡುವುದನ್ನು ಕಾರ್ಮಿಕ ಇಲಾಖೆ ಖಾತ್ರಿ ಮಾಡಬೇಕು.'

ಯಾರಿಗೆ ಕೊಡಬೇಕು ಅನ್ನೋದು ಹೇಳಿ.

ಸೇಡಂ ರಸ್ತೆ, ಕಲಬುರಗಿ

ಯುವನಿಧಿ ನೋಡೋದು ಕೌಶಲ್ಯಾಭಿವೃದ್ಧಿ ಇಲಾಖೆ. ಯೋಜನೆ ಶುರುವಾದಾಗ ಆ ಖಾತೆ ಸೇಡಂ ಶಾಸಕ ಡಾ. ಶರಣಪ್ರಕಾಶ ಪಾಟೀಲರ ಹತ್ತಿರವೇ ಇತ್ತು, ಅವರಿಗೆ ಇದರ ಒಳಹೊರಗು ಗೊತ್ತು. ಇಲಾಖೆಗೆ ಒಂದು ಪ್ರತಿ, ಅವರಿಗೆ ಒಂದು. ಗ್ಯಾರಂಟಿ ಅನುಷ್ಠಾನಕ್ಕೆ ಜಿಲ್ಲೆಗೊಂದು, ತಾಲ್ಲೂಕಿಗೊಂದು ಸಮಿತಿ ಇವೆ, ಅಲ್ಲಿಗೂ ಕೊಡಿ. ಎಲ್ಲ ಕಡೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಶಹಾಪುರದವರು ಹೇಳಿದ ಚೀಟಿಯ ಮಾತು ನಮಗೂ ಅನ್ವಯ.

ಕಾಲುವೆ ಕೊನೆ, ಶಹಾಪುರ

ಕರಡಿನಲ್ಲಿ ಉದ್ಯೋಗ ಖಾತ್ರಿ ಇಲ್ಲ. ಅದು ಬೇರೆ ಇಲಾಖೆ, ಬೇರೆ ಮನವಿ ಆಗಲಿ ಅಂದರೆ ನಾನು ಒಪ್ತೇನೆ. ಆದರೆ ಬರೆಯೋಕೆ ಯಾರಾದರೂ ನೆರವು ಕೊಡಿ. ನಮ್ಮ ಕಡೆ ಸಹಿ ಮಾಡೋ ಜನ ಇದ್ದಾರೆ, ಬರೆಯೋರು ಇಲ್ಲ.

ಯಾದಗಿರಿ ಟೀಚರ್

ನಾನು ಬರೀತೇನೆ. ಭಾನುವಾರ ಶಹಾಪುರಕ್ಕೇ ಬರ್ತೇನೆ. ಕೆಲಸ ಕೇಳಿ ಸಿಗದವರ ಜಾಬ್ ಕಾರ್ಡ್ ಎಲ್ಲ ಒಂದು ಕಡೆ ಇಟ್ಟಿರಿ.

ಭೀಮಾತೀರ, ಅಫಜಲಪುರ

ನಮ್ಮ ಬ್ಯಾಚಿನ ಸಾಲು ಸೇರಿಸಿದ್ದಕ್ಕೆ ಧನ್ಯವಾದ. ಒಂದು ತಿದ್ದುಪಡಿ: 'ಸೇರಿಸಬೇಕು' ಅಂತ ಮಾತ್ರ ಬರೆದರೆ ಸಾಲದು, ಇನ್ನೂ ಕೆಲಸ ಸಿಗದವರಿಗೆ ಅಂತ ಸ್ಪಷ್ಟ ಮಾಡಿ. ಇಲ್ಲಾಂದರೆ ಮೊತ್ತ ದೊಡ್ಡದಾಗಿ ಕಾಣುತ್ತೆ, ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ.

ತೊಗರಿ ಹೊಲ, ಚಿತ್ತಾಪುರ

ಮಗನಿಗೆ ಓದಿ ಹೇಳಿದೆ. ಅವನೂ ಸಹಿ ಹಾಕ್ತಾನೆ, ನಾನೂ ಹಾಕ್ತೇನೆ. ಖಾಲಿ ಹುದ್ದೆ ತುಂಬಿ ಅನ್ನೋ ಸಾಲು ಮಾತ್ರ ಕರಡಿನಲ್ಲಿ ಬಿಟ್ಟುಹೋಗಿದೆ. ಅದನ್ನು ಸೇರಿಸಿ, ಮೇಲೆ ಇರಲಿ, ಕೆಳಗೆ ಅಲ್ಲ.

ಬಿಸಿಲನಾಡು, ಕಲಬುರಗಿ

ಮೊದಲ ಸಾಲಾಗಿ ಹಾಕಿದೆ ಕಾಕಾ. ಭೀಮಾತೀರದವರ ತಿದ್ದುಪಡಿಯೂ ಸೇರಿತು. ತಾಲ್ಲೂಕಿಗೊಬ್ಬರು ಸಹಿ ಸಂಗ್ರಹಿಸೋಕೆ ಬೇಕು. ಆಳಂದ, ಜೇವರ್ಗಿ, ಚಿಂಚೋಳಿ, ಸುರಪುರದಿಂದ ಇನ್ನೂ ಯಾರೂ ಬಂದಿಲ್ಲ. ಆ ಕಡೆಯವರು ಇದ್ದರೆ ಇಲ್ಲೇ ಹೇಳಿ.

ಹೊಸಬ, ಚಿಂಚೋಳಿ

ಚಿಂಚೋಳಿ ನಾನು ನೋಡಿಕೊಳ್ತೇನೆ. ಒಂದು ಪ್ರಶ್ನೆ: ಡಿಪ್ಲೊಮಾದವರಿಗೆ ಈಗಲೇ 1,500. ಅರ್ಧ ದರ ಅಂದರೆ 750 ಆಗುತ್ತೆ. ಅದರಲ್ಲಿ ಕಲಬುರಗಿಗೆ ಹೋಗಿ ಬರೋ ಬಸ್ ಚಾರ್ಜೂ ತಿಂಗಳಿಗೆ ಸಾಲಲ್ಲ. ನಮಗೆ ಅರ್ಧ ಮಾಡಬೇಡಿ, 1,500 ಅನ್ನೇ ಉಳಿಸಿ ಅಂತ ಬರೆಯಲು ಆಗುತ್ತಾ?

ಲೆಕ್ಕದ ಪುಸ್ತಕ, ಕಲಬುರಗಿ

ಆಗುತ್ತೆ. 'ಅರ್ಧ ದರ' ಅನ್ನೋದನ್ನು ತೆಗೆದು 'ಪದವಿ, ಡಿಪ್ಲೊಮಾ ಎರಡಕ್ಕೂ ತಿಂಗಳಿಗೆ 1,500' ಅಂತ ಬರೆಯಿರಿ. ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ.